ಬ್ರಿಟನ್ನಿನಲ್ಲಿ ಅಪರೂಪದ ವಲಸೆ ಹಕ್ಕಿಗಳ ವೀಕ್ಷಣೆ

ಬ್ರಿಟನ್ನಿನಲ್ಲಿ ಪ್ರತಿವರ್ಷ ಆಗಸ್ಟ್ ನಡುವಿನಿಂದ ನವೆಂಬರ್ ಮೊದಲ ವಾರಗಳವರೆಗೆ ಶರತ್ಕಾಲದ ಹಕ್ಕಿವಲಸೆ ನಡೆಯುತ್ತದೆ. ಈ ಅವಧಿಯಲ್ಲಿ ದಾರಿತಪ್ಪಿ ಬರುವ ಹೊರನಾಡಿನ ಹಕ್ಕಿಗಳನ್ನು ಹುಡುಕುವುದು, ಕಂಡದ್ದನ್ನು ಇತರರಿಗೆ ತಿಳಿಸುವುದು ಹಾಗೂ ಆ ಸುದ್ದಿಯನ್ನು ಕೇಳಿ ದೂರದೂರುಗಳಿಂದ ಹೋಗಿ ನೋಡಿಬರುವುದು ಅಲ್ಲಿ ಒಂದು ವ್ಯಾಪಕವಾದ ಹವ್ಯಾಸವಾಗಿ ಬೆಳೆದಿದೆ. ಆಡುಮಾತಿನಲ್ಲಿ ಇದನ್ನು ಟ್ವಿಚಿಂಗ್ ಎಂದೂ, ಇದರಲ್ಲಿ ತೊಡಗಿದವರನ್ನು ಟ್ವಿಚರ್‌ಗಳೆಂದೂ ಕರೆಯುತ್ತಾರೆ. ಸಾಮಾನ್ಯ ಪಕ್ಷಿವೀಕ್ಷಣೆಯನ್ನು ಒಬ್ಬನೇ ತನ್ನ ಊರಿನ ಕೆರೆಯಂಗಳದಲ್ಲಿ ನಡೆಸಬಹುದು. ಈ ಹವ್ಯಾಸವಾದರೋ ಪೂರ್ಣವಾಗಿ ಇನ್ನೊಬ್ಬರ ಮಾತಿನ ಮೇಲೆ ನಿಂತಿರುವಂಥದು. ಒಬ್ಬ ವ್ಯಕ್ತಿ ಕೆಲವು ನಿಮಿಷಗಳ ಕಾಲ ಕಂಡ ಹಕ್ಕಿಯು ದೇಶದ ದಾಖಲೆಯಲ್ಲಿ ಸೇರಬೇಕೆ ಬೇಡವೆ ಎಂಬ ಪ್ರಶ್ನೆ ಇದರ ಇತಿಹಾಸದುದ್ದಕ್ಕೂ ಕಾಣಿಸಿಕೊಳ್ಳುತ್ತದೆ.

ಹೆಸರು

ಟ್ವಿಚ್ ಎಂದರೆ ಅದುರುವುದು, ಸೆಡೆತುಕೊಳ್ಳುವುದು. 1950ರ ದಶಕದಲ್ಲಿ ಕೆಲವು ಯುವ ಪಕ್ಷಿವೀಕ್ಷಕರು ಅಪರೂಪದ ಹಕ್ಕಿಯ ಸುದ್ದಿ ಬಂದೊಡನೆ ಮೋಟಾರ್ ಸೈಕಲ್ಲಿನಲ್ಲಿ ದೂರಪ್ರಯಾಣ ಮಾಡುತ್ತಿದ್ದರು. ಅವರಲ್ಲಿ ಒಬ್ಬನು ಹಿಂಬದಿಯ ಆಸನದಲ್ಲಿ ಕುಳಿತು ಬಂದು ಚಳಿಯಲ್ಲಿ ಗಡಗಡ ನಡುಗುತ್ತ ಇಳಿಯುತ್ತಿದ್ದುದರಿಂದ ಗೆಳೆಯರು ಪರಿಹಾಸ್ಯಕ್ಕಾಗಿ ಈ ಪದವನ್ನು ಬಳಕೆಗೆ ತಂದರೆಂದು ಹೇಳಲಾಗುತ್ತದೆ. ಬಳಿಕ ಅದು ಹಕ್ಕಿಯನ್ನು ಕಾಣುವ ಮುನ್ನಿನ ಕಾತರವನ್ನೂ ಸೂಚಿಸತೊಡಗಿತು. ಈ ಗುಂಪಿಗೆ ತನ್ನದೇ ಆದ ನುಡಿಗಟ್ಟುಗಳಿವೆ. ಹೋಗಿಯೂ ಹಕ್ಕಿ ಕಾಣದೆ ಬರಿಗೈಯಲ್ಲಿ ಮರಳುವುದು 'ಡಿಪ್'. ಜೀವನದಲ್ಲಿ ಮೊದಲ ಬಾರಿಗೆ ಕಂಡ ಜಾತಿ 'ಲೈಫರ್'. ಕಾಣದ ಹಕ್ಕಿಯನ್ನು ಕಂಡೆನೆನ್ನುವುದು, ಅಥವಾ ಸಾಮಾನ್ಯ ಹಕ್ಕಿಯನ್ನು ಅಪರೂಪದ್ದೆಂದು ಸಾಧಿಸುವುದು 'ಸ್ಟ್ರಿಂಗ್'. ಈ ಕೊನೆಯ ಆರೋಪ ಒಮ್ಮೆ ಅಂಟಿಕೊಂಡರೆ ತೊಳೆದುಕೊಳ್ಳುವುದು ಕಷ್ಟ.

ಶರತ್ಕಾಲದಲ್ಲಿಯೇ ಏಕೆ

ವಸಂತದಲ್ಲಿ ಗೂಡು ಕಟ್ಟುವ ನೆಲೆಗಳತ್ತ ಸಾಗುವ ಹಕ್ಕಿಗಳು ಬಹುಮಟ್ಟಿಗೆ ದಾರಿ ಬಲ್ಲವು ಮತ್ತು ಅವಸರದಲ್ಲಿರುವವು. ಶರತ್ಕಾಲದಲ್ಲಿ ಪರಿಸ್ಥಿತಿ ಬೇರೆ. ಆ ವರ್ಷ ಹುಟ್ಟಿದ ಮರಿಗಳೂ ಸೇರಿ ಪ್ರಯಾಣಿಕರ ಸಂಖ್ಯೆ ಹಲವು ಪಟ್ಟು ಹೆಚ್ಚಿರುತ್ತದೆ. ಅವುಗಳಲ್ಲಿ ಬಹುಪಾಲಿಗೆ ಅದು ಮೊದಲ ವಲಸೆ. ದಾರಿತಪ್ಪಿ ಬ್ರಿಟನ್ ತಲುಪುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಹೀಗೆ ಮೊದಲ ಬಾರಿ ಹೊರಟ ಎಳೆಯ ಹಕ್ಕಿಗಳೇ ಆಗಿರುತ್ತವೆ.

ಎಳೆಯ ಹಕ್ಕಿ ದಾರಿ ತಪ್ಪುವುದೇಕೆ ಎಂಬುದನ್ನು ಅರಿಯಲು ಡಚ್ ವಿಜ್ಞಾನಿ ಎ. ಸಿ. ಪರ್ಡೆಕ್ ನಡೆಸಿದ ಪ್ರಯೋಗ ಇಂದಿಗೂ ಉತ್ತಮ ನಿದರ್ಶನ. ನೆದರ್ಲೆಂಡ್ಸ್ ಮೂಲಕ ನೈರುತ್ಯಕ್ಕೆ ವಲಸೆ ಹೋಗುತ್ತಿದ್ದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು (ನಮ್ಮ ಕಬ್ಬಕ್ಕಿಯ ಬಳಗದವು) ಹಿಡಿದು, ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ವಯಸ್ಕ ಹಕ್ಕಿಗಳು ದಿಕ್ಕನ್ನು ತಿದ್ದಿಕೊಂಡು ವಾಯವ್ಯದತ್ತ ಹಾರಿ ತಮ್ಮ ಎಂದಿನ ಚಳಿಗಾಲದ ನೆಲೆಗಳನ್ನು ಸೇರಿದವು. ಎಳೆಯ ಹಕ್ಕಿಗಳು ಮಾತ್ರ ನೈರುತ್ಯ ದಿಕ್ಕನ್ನೇ ಹಿಡಿದು ಸಾಗಿ ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನುಗಳನ್ನು ತಲುಪಿದವು. 1958ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ತಿಳಿದುಬಂದದ್ದು ಇಷ್ಟು: ಎಳೆಯ ಹಕ್ಕಿಗೆ ಹುಟ್ಟಿನಿಂದ ಬಂದಿರುವುದು ಒಂದು ದಿಕ್ಕು ಮತ್ತು ಸುಮಾರಾದ ಒಂದು ದೂರ. ಗಮ್ಯಸ್ಥಾನದ ಅರಿವು ಅನುಭವದಿಂದ ಬರಬೇಕು. ಗಾಳಿ ಪಕ್ಕಕ್ಕೆ ತಳ್ಳಿದರೆ, ಅಥವಾ ಹುಟ್ಟಿನಿಂದ ಬಂದ ದಿಕ್ಕಿನ ಸೂಚನೆಯೇ ದೋಷದಿಂದ ಕೂಡಿದ್ದರೆ, ಅದನ್ನು ತಿದ್ದಿಕೊಳ್ಳುವ ಸಾಮರ್ಥ್ಯ ಅದಕ್ಕಿನ್ನೂ ಇರುವುದಿಲ್ಲ.

ಇಂಥ ಹಕ್ಕಿಗಳು ಬ್ರಿಟನ್ನಿಗೆ ಎರಡು ಬದಿಗಳಿಂದ ಬರುತ್ತವೆ. ಮೂಡಣ ಗಾಳಿಯೊಡನೆ ಮಳೆಯೋ ಮಂಜೋ ಸೇರಿದಾಗ ಉತ್ತರ ಸಮುದ್ರದ ಮೇಲೆ ಹಾರುತ್ತಿದ್ದ ಹಕ್ಕಿಗಳು ಪೂರ್ವ ಕರಾವಳಿಯಲ್ಲಿ ಒಮ್ಮೆಗೇ ಇಳಿಯುತ್ತವೆ. 1965ರ ಸೆಪ್ಟೆಂಬರ್ 3ರಂದು ಸಫೋಕ್ ಕರಾವಳಿಯಲ್ಲಿ ಹೀಗೆ ಲಕ್ಷಾಂತರ ಹಕ್ಕಿಗಳು ಇಳಿದವು. ಆ ದಿನವನ್ನು ಅಲ್ಲಿನ ಪಕ್ಷಿವೀಕ್ಷಕರು ಇಂದಿಗೂ ಉಲ್ಲೇಖಿಸುತ್ತಾರೆ. ಇವುಗಳ ನಡುವೆ ಸೈಬೀರಿಯದ ಕಾಡುಗಳಿಂದ ಬಂದ, ಆರೇಳು ಗ್ರಾಂ ತೂಕದ, ಹಳದಿ ಹುಬ್ಬಿನ ಉಲಿಯಕ್ಕಿಯಂಥವು ಸೇರಿರುತ್ತವೆ. ಇವುಗಳ ಚಳಿಗಾಲದ ನೆಲೆ ಇರುವುದು ಏಷ್ಯದ ಆಗ್ನೇಯ ಭಾಗಗಳಲ್ಲಿ. ಅವು ಹೋಗಬೇಕಾದ ದಿಕ್ಕಿಗೂ ಬಂದ ದಿಕ್ಕಿಗೂ ಇರುವ ಅಂತರವನ್ನು ಭೂಪಟದಲ್ಲಿ ನೋಡಿದರೆ ಬೆರಗಾಗುತ್ತದೆ.

ಇನ್ನೊಂದು ಬದಿ ಅಟ್ಲಾಂಟಿಕ್ ಸಾಗರ. ಉತ್ತರ ಅಮೆರಿಕದ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಶರತ್ಕಾಲದಲ್ಲಿ ಅಮೆರಿಕದ ಈಶಾನ್ಯ ತೀರದಿಂದ ಹೊರಟು ಎಲ್ಲಿಯೂ ಇಳಿಯದೆ ಎರಡು ಮೂರು ದಿನ ಸಾಗರದ ಮೇಲೆ ಹಾರಿ ಕೆರಿಬಿಯನ್ ದ್ವೀಪಗಳನ್ನು ತಲುಪುತ್ತದೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದೃಢಪಡಿಸಿತು. ಹಕ್ಕಿಗಳ ಬೆನ್ನಿಗೆ ಕಟ್ಟಿದ ಕಿರುಯಂತ್ರಗಳು ದಾಖಲಿಸಿದ ಈ ದೂರ ಸುಮಾರು 2,300ರಿಂದ 2,800 ಕಿಲೋಮೀಟರ್. ಹೀಗೆ ಸಾಗರದ ಮೇಲಿರುವಾಗ ವೇಗವಾಗಿ ಚಲಿಸುವ ವಾಯುಭಾರ ಕುಸಿತದಲ್ಲಿ ಸಿಕ್ಕಿಬಿದ್ದವು ಪಡುವಣ ಗಾಳಿಯೊಡನೆ ಐರ್ಲೆಂಡಿನಲ್ಲೋ ಬ್ರಿಟನ್ನಿನ ನೈರುತ್ಯದ ತುದಿಯಲ್ಲೋ ಬಂದು ಬೀಳುತ್ತವೆ. ಆದುದರಿಂದ ಅನುಭವಿ ಪಕ್ಷಿವೀಕ್ಷಕನು ಅಕ್ಟೋಬರ್ ತಿಂಗಳಲ್ಲಿ ಹಕ್ಕಿಯ ಸುದ್ದಿಗಿಂತ ಮೊದಲು ಹವಾಮಾನದ ನಕ್ಷೆಯನ್ನು ನೋಡುತ್ತಾನೆ.

ದ್ವೀಪಗಳು

ವಿಶಾಲ ಸಮುದ್ರವನ್ನು ದಾಟಿ ದಣಿದ ಹಕ್ಕಿಗೆ ಕಾಣುವ ಮೊದಲ ನೆಲ ದ್ವೀಪ ಅಥವಾ ಭೂಶಿರ. ದ್ವೀಪದಲ್ಲಿ ಮರಗಿಡಗಳು ಕಡಿಮೆಯಾದ್ದರಿಂದ ಹಕ್ಕಿ ಅಡಗಲು ಜಾಗವೂ ಕಡಿಮೆ, ಹುಡುಕುವವರಿಗೆ ಶ್ರಮವೂ ಕಡಿಮೆ.

ಆರ್ಕ್ನಿ ಮತ್ತು ಶೆಟ್‌ಲೆಂಡ್‌ಗಳ ನಡುವೆ ಇರುವ ಫೇರ್ ಐಲ್ ಸುಮಾರು 5 ಕಿಲೋಮೀಟರ್ ಉದ್ದದ ಒಂಟಿ ದ್ವೀಪ. ಎಡಿನ್‌ಬರೊದ ರಾಯಲ್ ಸ್ಕಾಟಿಷ್ ವಸ್ತುಸಂಗ್ರಹಾಲಯದ ವಿಲಿಯಂ ಈಗಲ್ ಕ್ಲಾರ್ಕ್ 1905ರಿಂದ ಅಲ್ಲಿಗೆ ಹೋಗಿ ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದಾಗ ಜಾರ್ಜ್ ವಾಟರ್ಸ್ಟನ್ ಎಂಬವರು ಅಲ್ಲೊಂದು ಪಕ್ಷಿ ವೀಕ್ಷಣಾಲಯವನ್ನು ಸ್ಥಾಪಿಸುವ ಯೋಜನೆಯನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅವರು ಆ ದ್ವೀಪವನ್ನೇ ಕೊಂಡುಕೊಂಡರು. ಮರುವರ್ಷ ವೀಕ್ಷಣಾಲಯ ಆರಂಭವಾಯಿತು. 1954ರಲ್ಲಿ ದ್ವೀಪವು ಸ್ಕಾಟ್‌ಲೆಂಡಿನ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. 2019ರ ಮಾರ್ಚ್‌ನಲ್ಲಿ ವೀಕ್ಷಣಾಲಯದ ಕಟ್ಟಡ ಬೆಂಕಿಗೆ ಆಹುತಿಯಾಯಿತು.

ದಕ್ಷಿಣದಲ್ಲಿ ಇದಕ್ಕೆ ಸಮನಾದ ಖ್ಯಾತಿ ಸಿಲ್ಲಿ ದ್ವೀಪಗಳದು. ಇಂಗ್ಲೆಂಡಿನ ಪಶ್ಚಿಮ ತುದಿಯಿಂದ ಸುಮಾರು 45 ಕಿಲೋಮೀಟರ್ ದೂರದ ಈ ದ್ವೀಪಗಳಲ್ಲಿ ಹೂ ಬೆಳೆಯುವ ಸಣ್ಣ ಹೊಲಗಳನ್ನು ಎತ್ತರದ ಬೇಲಿಗಿಡಗಳು ಸುತ್ತುವರಿದಿವೆ. 1970ರ ದಶಕದಿಂದ 1990ರ ದಶಕದವರೆಗೆ ಪ್ರತಿ ಅಕ್ಟೋಬರಿನಲ್ಲಿ ನೂರಾರು ಪಕ್ಷಿವೀಕ್ಷಕರು ಇಲ್ಲಿ ರಜೆ ಕಳೆಯಲು ಬರುತ್ತಿದ್ದರು. ಹಗಲೆಲ್ಲ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಓಡಾಟ. ರಾತ್ರಿ ಒಂದೆಡೆ ಸೇರಿ ಆ ದಿನದ ಲೆಕ್ಕವನ್ನು ಒಪ್ಪಿಸುವುದು ಅಲ್ಲಿನ ಸಂಪ್ರದಾಯವಾಗಿತ್ತು. ಒಬ್ಬರು ಜಾತಿಗಳ ಹೆಸರನ್ನು ಕ್ರಮವಾಗಿ ಕೂಗುವರು, ಕಂಡವರು ಎಲ್ಲಿ ಎಷ್ಟು ಕಂಡೆವೆಂದು ಹೇಳುವರು. ಶಾಲೆಯಲ್ಲಿ ಹಾಜರಿ ಕರೆದಂತೆ ನಡೆಯುತ್ತಿದ್ದ ಈ ಸಭೆಯಲ್ಲಿ ಎಲ್ಲರೆದುರು ಎದ್ದು ಮಾತನಾಡಬೇಕಾಗಿದ್ದುದರಿಂದ ಉತ್ಪ್ರೇಕ್ಷೆಗೆ ತಾನಾಗಿ ಕಡಿವಾಣ ಬೀಳುತ್ತಿತ್ತು. ಈಚಿನ ದಶಕಗಳಲ್ಲಿ ಅಕ್ಟೋಬರಿನ ಜನಸಂದಣಿಯ ಒಂದು ಭಾಗ ಶೆಟ್‌ಲೆಂಡ್ ಕಡೆಗೆ ಸರಿದಿದೆ.

ಸುದ್ದಿಯ ಸಂಚಾರ

ಮೊದಮೊದಲು ಸುದ್ದಿ ಹರಡುತ್ತಿದ್ದುದು ಅಂಚೆಯ ಕಾರ್ಡಿನಿಂದ. ಕಾರ್ಡು ತಲುಪುವ ಹೊತ್ತಿಗೆ ಹಕ್ಕಿ ಹಾರಿಹೋಗಿರುವ ಸಂಭವವೇ ಹೆಚ್ಚು. ದೂರವಾಣಿ ಮನೆಮನೆಗೆ ಬಂದ ಮೇಲೆ ಪರಿಚಯಸ್ಥರ ಸರಪಳಿಗಳು ಹುಟ್ಟಿಕೊಂಡವು. ಆ ಸರಪಳಿಯಲ್ಲಿ ಹೆಸರಿಲ್ಲದವನಿಗೆ ಸುದ್ದಿಯೂ ಇರಲಿಲ್ಲ.

ಈ ಕಾಲದ ಒಂದು ವಿಶಿಷ್ಟ ಸಂಸ್ಥೆಯೆಂದರೆ ನಾರ್ಫೋಕ್ ಕರಾವಳಿಯ ಕ್ಲೈ ಎಂಬ ಹಳ್ಳಿಯಲ್ಲಿದ್ದ ನ್ಯಾನ್ಸಿಯವರ ಕೆಫೆ. ಮನೆಯ ಕೋಣೆಯೊಂದರಲ್ಲಿ ನಡೆಯುತ್ತಿದ್ದ ಈ ಚಿಕ್ಕ ಉಪಾಹಾರ ಗೃಹದಲ್ಲಿ ಒಂದು ದೂರವಾಣಿ ಇತ್ತು. ದೇಶದ ಯಾವ ಮೂಲೆಯಿಂದಲಾದರೂ ಪಕ್ಷಿವೀಕ್ಷಕರು ಅದಕ್ಕೆ ಕರೆಮಾಡಿ "ಏನಾದರೂ ಬಂದಿದೆಯೆ?" ಎಂದು ಕೇಳುತ್ತಿದ್ದರು. ತಾವು ಕಂಡದ್ದನ್ನು ತಿಳಿಸುತ್ತಲೂ ಇದ್ದರು. ದೂರವಾಣಿಯ ಹತ್ತಿರ ಕುಳಿತವನು ತಿನ್ನುವುದನ್ನು ನಿಲ್ಲಿಸಿ ಉತ್ತರಿಸಬೇಕೆಂಬುದು ಅಲ್ಲಿನ ಅಲಿಖಿತ ನಿಯಮ. ಯಾವ ಶುಲ್ಕವೂ ಇಲ್ಲದೆ, ಯಾವ ಸರಕಾರಿ ನೆರವೂ ಇಲ್ಲದೆ, ಇದು ಸುಮಾರು ಒಂದೂವರೆ ದಶಕ ಇಡೀ ದೇಶದ ಹಕ್ಕಿಸುದ್ದಿಯ ಕೇಂದ್ರವಾಗಿತ್ತು. 1988ರಲ್ಲಿ ಕೆಫೆ ಮುಚ್ಚಿತು. ಅಷ್ಟರಲ್ಲಿ ಹಣ ಕೊಟ್ಟು ಕೇಳುವ ಧ್ವನಿಮುದ್ರಿತ ದೂರವಾಣಿ ಸೇವೆ ಬಂದಿತ್ತು. 1990ರ ದಶಕದಲ್ಲಿ ಸೊಂಟಕ್ಕೆ ಸಿಕ್ಕಿಸುವ ಪೇಜರ್, ಅನಂತರ ಮೊಬೈಲ್ ದೂರವಾಣಿ ಬಂದವು. ಸಿಲ್ಲಿ ದ್ವೀಪಗಳಲ್ಲಿ ಕೆಲಕಾಲ ಸಿ.ಬಿ. ರೇಡಿಯೊಗಳೂ ಬಳಕೆಯಲ್ಲಿದ್ದವು.

ಒಳ್ಳೆಯ ಸುದ್ದಿಯೆಂದರೆ ಹಕ್ಕಿಯ ಹೆಸರಷ್ಟೇ ಅಲ್ಲ. ನಿಖರವಾದ ಸ್ಥಳ, ಕಂಡ ಸಮಯ, ವಾಹನ ನಿಲ್ಲಿಸಬೇಕಾದ ಜಾಗ, ಹೊಲದೊಳಗೆ ಪ್ರವೇಶವಿದೆಯೆ ಇಲ್ಲವೆ ಎಂಬುದು, ಹೇಳುವವನಿಗೆ ಗುರುತಿನ ಬಗ್ಗೆ ಇರುವ ಖಚಿತತೆ ಇವೆಲ್ಲ ಅದರಲ್ಲಿ ಸೇರುತ್ತವೆ. "ಬೆಳಗಿನಿಂದ ಕಾಣಿಸಿಲ್ಲ" ಎಂಬ ಸುದ್ದಿಗೂ ಅಷ್ಟೇ ಬೆಲೆ. ಅದು ನೂರಾರು ಕಿಲೋಮೀಟರುಗಳ ವ್ಯರ್ಥ ಪ್ರಯಾಣವನ್ನು ತಪ್ಪಿಸುತ್ತದೆ.

ಸುದ್ದಿಗೆ ಇರುವ ಶಕ್ತಿಯನ್ನು 1989ರ ಫೆಬ್ರವರಿಯ ಘಟನೆಯೊಂದು ತೋರಿಸಿತು. ಕೆಂಟ್ ಪ್ರಾಂತದ ಮೇಡ್‌ಸ್ಟನ್ ಬಳಿಯ ಲಾರ್ಕ್‌ಫೀಲ್ಡ್ ಬಡಾವಣೆಯಲ್ಲಿ ಕಾಗದವನ್ನು ಅಂಚೆಗೆ ಹಾಕಲು ಹೊರಟಿದ್ದ ಪಕ್ಷಿವೀಕ್ಷಕರೊಬ್ಬರಿಗೆ ಉತ್ತರ ಅಮೆರಿಕದ ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಕಂಡಿತು. ಆ ಜಾತಿ ಅದಕ್ಕೆ ಮೊದಲು ಯೂರೋಪಿನಲ್ಲಿ ಕಂಡುಬಂದಿರಲಿಲ್ಲ. ಹಿಂದಿನ ಶರತ್ಕಾಲದಲ್ಲಿಯೇ ಸಾಗರ ದಾಟಿ ಬಂದು ಯಾರ ಕಣ್ಣಿಗೂ ಬೀಳದೆ ಉಳಿದಿತ್ತೆಂದು ಭಾವಿಸಲಾಗಿದೆ. ಸುದ್ದಿ ಹೊರಬಿದ್ದ ಮೊದಲ ವಾರಾಂತ್ಯದಲ್ಲಿ ಸಾವಿರಾರು ಜನ ಸೂಪರ್‌ಮಾರ್ಕೆಟ್ಟಿನ ವಾಹನ ನಿಲ್ದಾಣದಲ್ಲಿಯೂ ಸುತ್ತಲಿನ ಬೀದಿಗಳಲ್ಲಿಯೂ ದುರ್ಬೀನು ಹಿಡಿದು ನಿಂತರು. ಸಾಮಾನು ಕೊಳ್ಳಲು ಬಂದ ಸ್ಥಳೀಯರಿಗೆ ಆದ ಆಶ್ಚರ್ಯವನ್ನು ಊಹಿಸಬಹುದು.

ಮಾತಿನ ಪರೀಕ್ಷೆ

ಹತ್ತೊಂಬತ್ತನೆಯ ಶತಮಾನದಲ್ಲಿ ಅಪರೂಪದ ಹಕ್ಕಿಯ ದಾಖಲೆಗೆ ಬೇಕಾಗಿದ್ದ ಸಾಕ್ಷ್ಯ ಹಕ್ಕಿಯ ದೇಹವೇ. ಹೊಡೆದು ತಂದು ಚರ್ಮ ಸುಲಿದು ಹುಲ್ಲು ತುಂಬಿಸಿಟ್ಟರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಆ ಸಾಕ್ಷ್ಯವೂ ಸುಳ್ಳಾಗಬಹುದೆಂಬುದಕ್ಕೆ 'ಹೇಸ್ಟಿಂಗ್ಸ್ ಅಪರೂಪಗಳು' ಎಂದು ಪ್ರಸಿದ್ಧವಾದ ಪ್ರಕರಣವೇ ಪ್ರಮಾಣ.

ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಪಟ್ಟಣದ ಸುತ್ತಮುತ್ತ 1892ರಿಂದ 1930ರವರೆಗೆ ಅಸಾಧಾರಣ ಸಂಖ್ಯೆಯಲ್ಲಿ ಅಪರೂಪದ ಹಕ್ಕಿಗಳು ಸಿಕ್ಕಿದ್ದಾಗಿ ದಾಖಲಾಗಿತ್ತು. ಅವುಗಳಲ್ಲಿ ಅನೇಕವು ಸೇಂಟ್ ಲೆನರ್ಡ್ಸ್‌ನ ಜಾರ್ಜ್ ಬ್ರಿಸ್ಟೊ ಎಂಬ ಚರ್ಮಪ್ರಸಾಧಕರ, ಎಂದರೆ ಸತ್ತ ಪ್ರಾಣಿಪಕ್ಷಿಗಳ ದೇಹವನ್ನು ಕೆಡದಂತೆ ಸಿದ್ಧಪಡಿಸುವವರ, ಅಂಗಡಿಯ ಮೂಲಕ ಬಂದಿದ್ದವು. 1962ರ ಆಗಸ್ಟ್‌ನಲ್ಲಿ 'ಬ್ರಿಟಿಷ್ ಬರ್ಡ್ಸ್' ಪತ್ರಿಕೆಯಲ್ಲಿ ಮ್ಯಾಕ್ಸ್ ನಿಕಲ್ಸನ್ ಮತ್ತು ಜೇಮ್ಸ್ ಫರ್ಗಸನ್-ಲೀಸ್ ಈ ದಾಖಲೆಗಳ ವಿಮರ್ಶೆಯನ್ನೂ, ಸಂಖ್ಯಾಶಾಸ್ತ್ರಜ್ಞ ಜಾನ್ ನೆಲ್ಡರ್ ಅವುಗಳ ಅಂಕಿಅಂಶಗಳ ವಿಶ್ಲೇಷಣೆಯನ್ನೂ ಪ್ರಕಟಿಸಿದರು. ಅಕ್ಕಪಕ್ಕದ ಪ್ರದೇಶಗಳೊಡನೆಯೂ ನಂತರದ ವರ್ಷಗಳೊಡನೆಯೂ ಹೋಲಿಸಿದಾಗ ಹೇಸ್ಟಿಂಗ್ಸ್‌ನ ಸಂಖ್ಯೆಗಳು ಸಹಜವಾಗಿ ಬಂದಿರಲಾರವೆಂಬುದು ಸ್ಪಷ್ಟವಾಯಿತು. ಹಕ್ಕಿಗಳ ದೇಹಗಳನ್ನು ಹೊರದೇಶಗಳಿಂದ ಹಡಗಿನಲ್ಲಿ ತಂಪುಪೆಟ್ಟಿಗೆಯಲ್ಲಿಟ್ಟು ತರಿಸಿರಬೇಕೆಂಬ ಶಂಕೆ ವ್ಯಕ್ತವಾಯಿತು. ಅಪರೂಪದ ಹಕ್ಕಿಗೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಿದ್ದ ಕಾಲವದು. ಸುಮಾರು 600 ದಾಖಲೆಗಳು ತಳ್ಳಿಹಾಕಲ್ಪಟ್ಟವು. 29 ಜಾತಿ ಹಾಗೂ ಉಪಜಾತಿಗಳು ಬ್ರಿಟನ್ನಿನ ಪಟ್ಟಿಯಿಂದಲೇ ಹೊರಬಿದ್ದವು. ಬ್ರಿಸ್ಟೊ 1947ರಲ್ಲಿಯೇ ತೀರಿಕೊಂಡಿದ್ದರಿಂದ ಅವರ ಉತ್ತರವನ್ನು ಕೇಳುವ ಅವಕಾಶವಿರಲಿಲ್ಲ. 1968ರಲ್ಲಿ ಜೇಮ್ಸ್ ಹ್ಯಾರಿಸನ್ ಅವರ ಪರವಾಗಿ ಒಂದು ಪುಸ್ತಕವನ್ನೇ ಬರೆದರು. ಪಟ್ಟಿಯಿಂದ ಬಿಟ್ಟುಹೋದ ಜಾತಿಗಳಲ್ಲಿ ಹೆಚ್ಚಿನವು ಮುಂದೆ ನಂಬಲರ್ಹ ವೀಕ್ಷಣೆಗಳ ಆಧಾರದಿಂದ ಮತ್ತೆ ಸೇರಿದವು. ಅದರಿಂದ ಹಳೆಯ ದಾಖಲೆಗಳು ಸತ್ಯವೆಂದು ಸಿದ್ಧವಾಗುವುದಿಲ್ಲವಾದರೂ, ಆ ಹಕ್ಕಿಗಳು ಬರುವುದು ಅಸಾಧ್ಯವಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಹಕ್ಕಿಯನ್ನು ಕೊಲ್ಲದೆ ಗುರುತಿಸುವ ಪದ್ಧತಿ ಬೆಳೆದಂತೆ ಸಾಕ್ಷ್ಯದ ಭಾರವೆಲ್ಲ ನೋಡಿದವನ ಮಾತಿನ ಮೇಲೆ ಬಿತ್ತು. 1954ರಲ್ಲಿ ಪೀಟರ್ಸನ್, ಮೌಂಟ್‌ಫರ್ಟ್ ಮತ್ತು ಹಾಲಮ್ ರಚಿಸಿದ ಯೂರೋಪಿನ ಹಕ್ಕಿಗಳ ಕೈಪಿಡಿ ಸಾಮಾನ್ಯರಿಗೂ ಗುರುತಿಸುವ ಕೌಶಲವನ್ನು ಒದಗಿಸಿತು. ವರದಿಗಳು ಹೆಚ್ಚಿದಾಗ ಅವುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲು 1959ರಲ್ಲಿ ಬ್ರಿಟಿಷ್ ಬರ್ಡ್ಸ್ ಅಪರೂಪ ಪಕ್ಷಿ ಸಮಿತಿ ರಚನೆಯಾಯಿತು. ಇದರಲ್ಲಿ ಮತ ಹಾಕುವ ಸದಸ್ಯರು ಹತ್ತು ಮಂದಿ. ಹಾಗಾಗಿ ಇವರನ್ನು 'ಹತ್ತು ಅಪರೂಪದ ಮನುಷ್ಯರು' ಎಂದು ತಮಾಷೆಗೆ ಕರೆಯುವುದುಂಟು.

ಸಮಿತಿಗೆ ಕಳುಹಿಸುವ ವಿವರಣೆಯಲ್ಲಿ ಬೆಳಕು, ದೂರ, ನೋಡಿದ ಅವಧಿ, ಗರಿಗಳ ಬಣ್ಣ, ಕಾಲು ಕೊಕ್ಕುಗಳ ವಿವರ, ಕೂಗು, ಹತ್ತಿರದ ಹೋಲಿಕೆಯ ಜಾತಿಗಳನ್ನು ಏಕೆ ಬಿಡಲಾಯಿತು ಎಂಬ ಕಾರಣ ಇವೆಲ್ಲ ಇರಬೇಕು. ಹಕ್ಕಿ ಕಣ್ಣೆದುರಿಗೆ ಇರುವಾಗಲೇ, ಕೈಪಿಡಿಯನ್ನು ತೆರೆಯುವ ಮೊದಲೇ, ಟಿಪ್ಪಣಿ ಬರೆದುಕೊಳ್ಳಬೇಕೆಂಬುದು ಹಳೆಯ ತಲೆಮಾರಿನವರು ಕಿರಿಯರಿಗೆ ಕಲಿಸುತ್ತಿದ್ದ ಮೊದಲ ಪಾಠ. ಪುಸ್ತಕ ನೋಡಿದ ಮೇಲೆ ಕಣ್ಣು ಅಲ್ಲಿರುವುದನ್ನೇ ಹಕ್ಕಿಯ ಮೇಲೆ ಕಾಣತೊಡಗುತ್ತದೆ. ಇಷ್ಟು ಸೂಕ್ಷ್ಮವಾದ ಮನಶ್ಶಾಸ್ತ್ರವನ್ನು ಹವ್ಯಾಸಿಗಳು ತಾವಾಗಿಯೇ ಕಂಡುಕೊಂಡದ್ದು ಗಮನಾರ್ಹ.

ವರದಿ ಅಂಗೀಕೃತವಾಗದಿದ್ದರೆ ನೋಡಿದವನು ಸುಳ್ಳು ಹೇಳಿದನೆಂದು ಅರ್ಥವಲ್ಲ, ಸಾಕ್ಷ್ಯ ಸಾಲದೆಂದು ಮಾತ್ರ ಅರ್ಥ. ನಿಯಮ ಹೀಗಿದ್ದರೂ ಮನಸ್ಸು ಅದನ್ನು ಒಪ್ಪುವುದು ಸುಲಭವಲ್ಲ. ಒಬ್ಬನೇ ಕಂಡು, ಹತ್ತು ನಿಮಿಷದಲ್ಲಿ ಹಾರಿಹೋದ ಹಕ್ಕಿಯ ಬಗ್ಗೆ ಅಂಥ ನಿರ್ಣಯ ಬಂದಾಗ ನೋಯುವವರು ಪ್ರಾಮಾಣಿಕರೇ ಆಗಿರುತ್ತಾರೆ. ಬೇಗನೆ ಸುದ್ದಿ ಹಂಚುವುದಕ್ಕೆ ಇದೂ ಒಂದು ಕಾರಣ. ಎರಡನೆಯ ಜೋಡಿ ಕಣ್ಣುಗಳು ಬಂದರೆ ಮಾತಿಗೆ ಬಲ ಬರುತ್ತದೆ.

ಮುಚ್ಚಿಡುವುದು

ಎಲ್ಲ ಸುದ್ದಿಯನ್ನೂ ಹೊರಗೆ ಹೇಳಬೇಕೆ ಎಂಬ ಬಗ್ಗೆ ಪಕ್ಷಿವೀಕ್ಷಕರಲ್ಲಿ ಒಮ್ಮತವಿಲ್ಲ. ಗೂಡಿನ ವಿಷಯದಲ್ಲಿ ಗುಟ್ಟು ಅಗತ್ಯವೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಕಾಡುಹಕ್ಕಿಗಳ ಮೊಟ್ಟೆ ಸಂಗ್ರಹವನ್ನು 1954ರ ಕಾನೂನು ಬ್ರಿಟನ್ನಿನಲ್ಲಿ ನಿಷೇಧಿಸಿದರೂ ಕಳ್ಳತನ ನಿಲ್ಲಲಿಲ್ಲ. ವಿಶೇಷ ರಕ್ಷಣೆಯ ಪಟ್ಟಿಯಲ್ಲಿರುವ ಹಕ್ಕಿಗಳಿಗೆ ಗೂಡಿನ ಬಳಿ ತೊಂದರೆ ಕೊಡುವುದು 1981ರ ಕಾನೂನಿನ ಪ್ರಕಾರವೂ ಅಪರಾಧ. ಆದರೂ ಗುಟ್ಟೇ ಯಾವಾಗಲೂ ರಕ್ಷಣೆಯೆನ್ನಲಾಗದು. ಸ್ಕಾಟ್‌ಲೆಂಡಿನ ಲಾಕ್ ಗಾರ್ಟನ್‌ನಲ್ಲಿ 1958ರಲ್ಲಿ ಡೇಗೆಯ ಬಳಗದ ಆಸ್ಪ್ರೆ ಹಕ್ಕಿಯ ಗೂಡನ್ನು ಗುಟ್ಟಾಗಿ ಕಾಯುತ್ತಿದ್ದಾಗಲೂ ಮೊಟ್ಟೆಗಳು ರಾತ್ರಿಯಲ್ಲಿ ಕಳುವಾದವು. ಮರುವರ್ಷ, ಫೇರ್ ಐಲ್‌ನ ಅದೇ ಜಾರ್ಜ್ ವಾಟರ್ಸ್ಟನ್ ಮುಂದಾಳುತನದಲ್ಲಿ, ಸಾರ್ವಜನಿಕರನ್ನೇ ಕರೆದು ದೂರದಿಂದ ಗೂಡನ್ನು ತೋರಿಸಲಾಯಿತು. ಆ ವರ್ಷ ಮರಿಗಳು ಹಾರಿದವು.

ಶರತ್ಕಾಲದ ವಲಸಿಗನಿಗೆ ಗೂಡಿಲ್ಲ. ಆದುದರಿಂದ ಅದರ ಸುದ್ದಿಯನ್ನು ಬಚ್ಚಿಡುವುದು ಸ್ವಾರ್ಥವೆಂದು ಹಲವರ ಅಭಿಪ್ರಾಯ. ಆದರೆ ಹಸಿದು ದಣಿದ ಹಕ್ಕಿಯನ್ನು ನೂರಾರು ಜನ ಪೊದೆಯಿಂದ ಪೊದೆಗೆ ಅಟ್ಟಿದರೆ ಅದು ಮೇಯುವುದಾದರೂ ಯಾವಾಗ? ಬೆಳೆಯ ನಡುವೆ ನಡೆದು ಹೋದವರಿಂದ, ಬೇಲಿ ಮುರಿದವರಿಂದ ರೈತರಿಗೆ ನಷ್ಟವಾದ ಪ್ರಸಂಗಗಳೂ ಇವೆ. ಜಮೀನಿನ ಮಾಲೀಕರೊಡನೆ ಮೊದಲು ಮಾತನಾಡಿ, ನಿಲ್ಲುವ ಜಾಗವನ್ನು ಗುರುತಿಸಿ, ಅನಂತರವೇ ಸುದ್ದಿ ಹೊರಡಿಸುವುದು ಈಗ ಒಳ್ಳೆಯ ಪದ್ಧತಿಯೆನಿಸಿದೆ. ಬಂದವರು ಬಾಗಿಲಲ್ಲಿಟ್ಟ ಬಕೆಟ್ಟಿಗೆ ಸ್ವಲ್ಪ ಹಣ ಹಾಕುವುದೂ, ಅದು ಊರಿನ ಚರ್ಚಿಗೋ ಧರ್ಮಕಾರ್ಯಕ್ಕೋ ಸಲ್ಲುವುದೂ ಸಾಮಾನ್ಯ.

ಈಚಿನ ಬದಲಾವಣೆಗಳು

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ವಿವರಣೆಯ ಸ್ಥಾನವನ್ನು ಬಹುಮಟ್ಟಿಗೆ ಛಾಯಾಚಿತ್ರ ಆಕ್ರಮಿಸಿದೆ. ಕೂಗನ್ನು ಧ್ವನಿಮುದ್ರಿಸಿ ಅದರ ಆಲೇಖವನ್ನು ನೋಡಿ ಜಾತಿಯನ್ನು ನಿರ್ಧರಿಸುವುದೂ ಉಂಟು. ಹೊರನೋಟಕ್ಕೆ ಬೇರ್ಪಡಿಸಲಾಗದ ಜಾತಿಗಳಲ್ಲಿ, ಹಕ್ಕಿ ಹಾರಿಹೋದ ಮೇಲೆ ಬೇಲಿಗೂಟದ ಮೇಲೆ ಉಳಿದ ಹಿಕ್ಕೆಯನ್ನು ಜೋಪಾನವಾಗಿ ಸಂಗ್ರಹಿಸಿ ಡಿ.ಎನ್.ಎ. ಪರೀಕ್ಷೆಗೆ ಕಳುಹಿಸುತ್ತಾರೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ ಇ-ಬರ್ಡ್ ದತ್ತಸಂಚಯದಲ್ಲಿ ಆಯಾ ಪ್ರದೇಶದ ಸ್ವಯಂಸೇವಕರು ಅಸಂಭವವೆನಿಸುವ ವರದಿಗಳನ್ನು ಪರಿಶೀಲಿಸುತ್ತಾರೆ. ಅಪಾಯದಲ್ಲಿರುವ ಜಾತಿಗಳ ಸ್ಥಳವಿವರವನ್ನು ಅದು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ಕರ್ನಾಟಕದೊಡನೆ ಸಂಬಂಧ

ಬ್ರಿಟನ್ನಿನಲ್ಲಿ ಶರತ್ಕಾಲದ ಅಪರೂಪಗಳೆನಿಸುವ ಹಲವು ಹಕ್ಕಿಗಳು ಕರ್ನಾಟಕದ ಸಾಮಾನ್ಯ ಚಳಿಗಾಲದ ಅತಿಥಿಗಳು. ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಕಂದುಬಣ್ಣದ ಉಲಿಯಕ್ಕಿ ಇದಕ್ಕೆ ಒಳ್ಳೆಯ ಉದಾಹರಣೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕರಾಗಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದನ್ನು ಮೊದಲು ವಿವರಿಸಿದರು. ಫಿನ್‌ಲೆಂಡಿನಿಂದ ಸೈಬೀರಿಯದವರೆಗೆ ಗೂಡುಕಟ್ಟುವ ಈ ಹಕ್ಕಿ ಚಳಿಗಾಲಕ್ಕೆ ಭಾರತ ಮತ್ತು ಶ್ರೀಲಂಕೆಗಳಿಗೆ ಬರುತ್ತದೆ. ನಮ್ಮ ಹಿತ್ತಿಲಿನ ಪೊದೆಗಳಲ್ಲಿ 'ಚಕ್ ಚಕ್' ಎಂದು ಸದ್ದುಮಾಡುತ್ತ ಅಡಗಿರುವ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಇದೇ ಹಕ್ಕಿ ವಿರುದ್ಧ ದಿಕ್ಕಿಗೆ ಹಾರಿ ಫೇರ್ ಐಲ್ ತಲುಪಿದರೆ ಸುದ್ದಿಯಾಗುತ್ತದೆ. ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ದೊಡ್ಡ ಹಿಂಡುಗಳಲ್ಲಿ ಇಳಿಯುವ ಗುಲಾಬಿ ಕಬ್ಬಕ್ಕಿಯ ವಿಷಯವೂ ಹೀಗೆಯೇ.

ಭಾರತದಲ್ಲಿ ವಲಸೆಯ ಸುದ್ದಿಹಂಚಿಕೆ ಬೇರೊಂದು ಉದ್ದೇಶದಿಂದ ವ್ಯವಸ್ಥಿತವಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು 'ಇಂಡಿಯನ್ ಬರ್ಡ್ಸ್' ಪತ್ರಿಕೆಯೊಡನೆ 2007ರಲ್ಲಿ ಮೈಗ್ರೆಂಟ್‌ವಾಚ್ ಎಂಬ ಯೋಜನೆಯನ್ನು ಆರಂಭಿಸಿತು. ಅದು ಕೇಳಿದ್ದು ಅಪರೂಪದ ಹಕ್ಕಿಯನ್ನಲ್ಲ. ಎಲ್ಲರಿಗೂ ಸುಲಭವಾಗಿ ಗುರುತು ಸಿಗುವ ಒಂಬತ್ತು ಚಳಿಗಾಲದ ಹಕ್ಕಿಗಳನ್ನು ಆರಿಸಿ, ಅವು ನಿಮ್ಮ ಊರಿನಲ್ಲಿ ಆ ವರ್ಷ ಮೊದಲು ಕಂಡ ದಿನ ಯಾವುದು ಎಂದು ಕೇಳಿತು. ಗುಲಾಬಿ ಕಬ್ಬಕ್ಕಿ ಆ ಒಂಬತ್ತರಲ್ಲಿ ಒಂದು.